ಮಳೆಯ ಸದ್ದಿಗೆ ಕೈ ತಣ್ಣಗಾದರೆ: ಮನಃಶಾಸ್ತ್ರದ ಮೊದಲ ಪಾಠಗಳು ಮತ್ತೊಮ್ಮೆ

ಜೂನ್ ತಿಂಗಳ ಒಂದು ಮಧ್ಯಾಹ್ನ. ಮಡಿಕೇರಿಯಲ್ಲಿ ನಾನು ಪಾಠ ಮಾಡುವ ಕೊಠಡಿಯ ಶೀಟಿನ ಮಾಡಿನ ಮೇಲೆ ಆ ವರ್ಷದ ಮೊದಲ ಜೋರು ಮಳೆ ಬಿದ್ದು, ನನ್ನ ಮಾತು ಯಾರಿಗೂ ಕೇಳಿಸದಂತಾಯಿತು. ಕೊಡಗಿನ ಅಧ್ಯಾಪಕರಿಗೆ ಇದು ಹೊಸದಲ್ಲ. ಮಳೆ ಜೋರಾದರೆ ನಾವು ಬಾಯಿ ಮುಚ್ಚಿ ಬೋರ್ಡಿನ ಮೇಲೆ ಬರೆಯುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಆ ದಿನ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕುಳಿತಿದ್ದಳು. ತರಗತಿ ಮುಗಿದ ಮೇಲೆ ಬಂದು ಕೇಳಿದಳು: “ಮೇಡಂ, 2018ರಲ್ಲಿ ನಮ್ಮ ಮನೆಗೆ ಏನೂ ಆಗಲಿಲ್ಲ. ಗುಡ್ಡ ಜರಿದದ್ದು ಆಚೆ ಊರಿನಲ್ಲಿ. ಆದರೂ ಶೀಟಿನ ಮೇಲೆ ಮಳೆ ಬಿದ್ದರೆ ಕೈ ತಣ್ಣಗಾಗುತ್ತದೆ. ಹೆದರಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಕೈ ಕೇಳುವುದಿಲ್ಲ. ಯಾಕೆ?”

ಆ ‘ಯಾಕೆ’ಗೆ ಉತ್ತರ ಹೇಳಲು ಹೊರಟರೆ ಮೊದಲ ವರ್ಷದ ಮನಃಶಾಸ್ತ್ರದ ಹೆಚ್ಚುಕಡಿಮೆ ಎಲ್ಲ ಅಧ್ಯಾಯಗಳನ್ನೂ ಮುಟ್ಟಬೇಕಾಗುತ್ತದೆ. ಕಲಿಕೆ, ನೆನಪು, ಗ್ರಹಿಕೆ, ಮಿದುಳು ಎಂದು ಪುಸ್ತಕದಲ್ಲಿ ಅವು ಬೇರೆ ಬೇರೆ ಇರುತ್ತವೆ. ಪರೀಕ್ಷೆಗೆ ಓದುವವರು ಒಂದು ಮುಗಿಸಿ, ಮರೆತು, ಇನ್ನೊಂದಕ್ಕೆ ಹೋಗುತ್ತಾರೆ. ಆ ಹುಡುಗಿಯ ಕೈಯಲ್ಲಿ ಮಾತ್ರ ಅವೆಲ್ಲ ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಆದ್ದರಿಂದ ಈ ಮರು ಓದನ್ನು ಪುಸ್ತಕದ ಕ್ರಮದಲ್ಲಿ ಮಾಡದೆ, ಅವಳ ಪ್ರಶ್ನೆಯ ಹಿಂದೆ ಹೋಗಿ ಮಾಡುತ್ತೇನೆ.

ಮೊದಲು ವಿಧಾನದ ಮಾತು. ಮನಸ್ಸಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅದಕ್ಕೆ ಪದವಿ ಬೇಕಾಗಿಲ್ಲ. ಹಾಗಿದ್ದರೂ ಇದನ್ನು ವಿಜ್ಞಾನ ಎಂದು ಕರೆಯುವುದೇಕೆ? 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯ ತೆರೆದದ್ದನ್ನು ಈ ಶಾಸ್ತ್ರದ ಆರಂಭ ಎಂದು ಪಠ್ಯಗಳು ಹೇಳುತ್ತವೆ. ನಮ್ಮ ನೆರೆಯ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿದವರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮಡಿಕೇರಿ ಆಕಾಶವಾಣಿ ಕೇಳುವಾಗಲೆಲ್ಲ ಆ ಹೆಸರಿನ ಹಿಂದೆ ಒಬ್ಬ ಮನಃಶಾಸ್ತ್ರದ ಮೇಷ್ಟ್ರು ಇದ್ದಾರೆಂದು ನೆನೆದು ನನಗೆ ಹಿಗ್ಗಾಗುತ್ತದೆ.

ಪ್ರಯೋಗಾಲಯ ಬೇಕಾದದ್ದು ನಮ್ಮ ಕಣ್ಣಿಗೆ ಕಾಣುವ ಸಂಬಂಧಗಳು ನಮ್ಮನ್ನು ದಾರಿ ತಪ್ಪಿಸುತ್ತವೆ ಎಂಬ ಕಾರಣಕ್ಕೆ. ಕೊಡಗಿನಲ್ಲಿ ಕೊಡೆಗಳು ಹೆಚ್ಚು ಮಾರಾಟವಾದ ವರ್ಷ ಕಾಫಿಗೆ ಕೊಳೆರೋಗವೂ ಹೆಚ್ಚು ಎಂದುಕೊಳ್ಳಿ. ಎರಡೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ಇದು ಸಹಸಂಬಂಧ. ಕೊಡೆ ಮಾರುವುದನ್ನು ನಿಲ್ಲಿಸಿದರೆ ಕೊಳೆರೋಗ ನಿಲ್ಲುತ್ತದೆಯೇ? ಎರಡರ ಹಿಂದೆಯೂ ಬಿಡದೆ ಸುರಿದ ಮಳೆ ಇದೆ. ಕೊಡೆಯ ವಿಷಯದಲ್ಲಿ ಯಾರೂ ಮೋಸಹೋಗುವುದಿಲ್ಲ. ‘ಮೊಬೈಲ್ ಹೆಚ್ಚು ನೋಡುವ ಮಕ್ಕಳಿಗೆ ಬೇಸರ ಹೆಚ್ಚು’ ಎಂಬ ಸುದ್ದಿ ಓದಿದಾಗ ಮಾತ್ರ ಎಲ್ಲರೂ ತಕ್ಷಣ ಕಾರಣ ಕಂಡುಹಿಡಿದುಬಿಡುತ್ತಾರೆ. ಬೇಸರವಿರುವ ಮಗುವೇ ಮೊಬೈಲ್ ಹಿಡಿದು ಕುಳಿತಿರಬಹುದು; ಮನೆಯ ಜಗಳ ಎರಡಕ್ಕೂ ಕಾರಣವಾಗಿರಬಹುದು.

ಕಾರಣವನ್ನು ಹಿಡಿಯಲು ಪ್ರಯೋಗ ಬೇಕು. ಹಾಡು ಕೇಳುತ್ತಾ ಓದಿದರೆ ನೆನಪು ಕುಗ್ಗುತ್ತದೆಯೇ ಎಂದು ತಿಳಿಯಬೇಕಾದರೆ ಅರವತ್ತು ಮಂದಿಯನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಹಾಡು ಹಾಕಿ, ಉಳಿದದ್ದೆಲ್ಲವನ್ನೂ ಸಮವಾಗಿ ಇಡಬೇಕು. ನಾವು ಬದಲಿಸುವ ಹಾಡು ಸ್ವತಂತ್ರ ಚರ, ಅದರಿಂದ ಬದಲಾಗುತ್ತದೆಯೇ ಎಂದು ಅಳೆಯುವ ಅಂಕ ಅವಲಂಬಿತ ಚರ. ಇಡೀ ಪ್ರಯೋಗದ ಜೀವ ಆ ಚೀಟಿಯಲ್ಲಿದೆ. ಜಾಣರು, ಸೋಮಾರಿಗಳು, ರಾತ್ರಿ ನಿದ್ದೆಗೆಟ್ಟವರು ಎರಡೂ ಕಡೆ ಹಂಚಿಹೋಗುವಂತೆ ಮಾಡುವುದು ಅದೇ. ‘ಇಷ್ಟವಿದ್ದವರು ಹಾಡು ಕೇಳಿ’ ಎಂದುಬಿಟ್ಟರೆ ಪ್ರಯೋಗ ಅಲ್ಲಿಗೇ ಕೆಟ್ಟಿತು.

ಈಗ ಮಳೆಗೆ ಬರೋಣ. ರಷ್ಯಾದ ಇವಾನ್ ಪಾವ್ಲೊವ್ ಜೀರ್ಣಕ್ರಿಯೆಯ ಸಂಶೋಧಕರು. 1904ರ ನೊಬೆಲ್ ಪ್ರಶಸ್ತಿ ಬಂದದ್ದೂ ಅದಕ್ಕೇ. ನಾಯಿಗಳು ಆಹಾರ ಬಾಯಿಗೆ ಬರುವ ಮೊದಲೇ ಜೊಲ್ಲು ಸುರಿಸುವುದು ಅವರ ಗಮನಕ್ಕೆ ಬಂತು. ಆಹಾರ ಬಾಯಿಗೆ ಬಿದ್ದರೆ ಜೊಲ್ಲು ಬರುವುದು ಹುಟ್ಟುಗುಣ, ಕಲಿಸಬೇಕಾಗಿಲ್ಲ: ಆಹಾರ ಸಹಜ ಪ್ರಚೋದನೆ, ಜೊಲ್ಲು ಸಹಜ ಪ್ರತಿಕ್ರಿಯೆ. ತಾಳಮಾಪಕದ ಟಿಕ್ ಟಿಕ್ ಸದ್ದಿಗೆ ನಾಯಿ ಮೊದಲು ಜೊಲ್ಲು ಸುರಿಸುವುದಿಲ್ಲ. ಸದ್ದಿನ ಬೆನ್ನಿಗೇ ಆಹಾರ ಬರುವುದು ಹಲವು ಸಲ ನಡೆದರೆ, ಕೊನೆಗೆ ಸದ್ದೊಂದೇ ಸಾಕಾಗುತ್ತದೆ. ಆಗ ಸದ್ದು ಅನುಬಂಧಿತ ಪ್ರಚೋದನೆ, ಅದಕ್ಕೆ ಬರುವ ಜೊಲ್ಲು ಅನುಬಂಧಿತ ಪ್ರತಿಕ್ರಿಯೆ. ತರಗತಿಯಲ್ಲಿ ನಾವು ಕ್ಲಾಸಿಕಲ್ ಕಂಡಿಷನಿಂಗ್ ಎನ್ನುವ ಶಾಸ್ತ್ರೀಯ ಅನುಬಂಧನ ಇದೇ. ಯಾವುದು ಯಾವುದು ಎಂದು ಗೊಂದಲವಾದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಕಲಿಯದೆಯೇ ಬಂದದ್ದೇ, ಕಲಿತ ಮೇಲೆ ಬಂದದ್ದೇ?

ಹೆದರಿಕೆಯೂ ಹೀಗೆಯೇ ಅಂಟಿಕೊಳ್ಳುತ್ತದೆ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಒಂದು ಹಸುಗೂಸಿನ ಮುಂದೆ ಬಿಳಿ ಇಲಿಯನ್ನು ತಂದಾಗಲೆಲ್ಲ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದು ಸದ್ದು ಮಾಡಿದರು. ಮಗು ಇಲಿಗೂ ಹೆದರಿತು, ಆಮೇಲೆ ಮೊಲಕ್ಕೂ ಹೆದರಿತು. ಹೆದರಿಕೆ ಒಂದರಿಂದ ಅದರಂಥ ಇನ್ನೊಂದಕ್ಕೆ ಹರಡುವುದು ಸಾಮಾನ್ಯೀಕರಣ. ಆ ಪ್ರಯೋಗ ತಪ್ಪು. ಇಂದು ಯಾವ ನೀತಿ ಸಮಿತಿಯೂ ಅದಕ್ಕೆ ಒಪ್ಪಿಗೆ ಕೊಡುವುದಿಲ್ಲ, ಕೊಡಬಾರದು. ಪಾಠದಲ್ಲಿ ಫಲಿತಾಂಶ ಹೇಳಿ ಈ ಮಾತನ್ನು ಬಿಟ್ಟುಬಿಡುವುದು ನನಗೆ ಸಹನೆಯಾಗುವುದಿಲ್ಲ.

2018ರ ಆಗಸ್ಟ್ ತಿಂಗಳ ನಡುವೆ ಕೊಡಗಿನಲ್ಲಿ ಗುಡ್ಡಗಳು ಜರಿದ ಆ ದಿನಗಳಲ್ಲಿ ಮಳೆಯ ಸದ್ದಿನ ಜೊತೆ ಏನೇನು ಬಂತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಟಿಪ್ಪರ್ ಮಣ್ಣು ಸುರಿಯುವ ಸದ್ದಿಗೂ ಬೆಚ್ಚಿಬೀಳುವವರನ್ನು ನಾನು ಕಂಡಿದ್ದೇನೆ, ಅದು ಸಾಮಾನ್ಯೀಕರಣ. ಅದೇ ಜನ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿಗೆ ಬೀಳುವ ಹೂಮಳೆಯನ್ನು ಬಾಗಿಲಲ್ಲಿ ನಿಂತು ನಗುತ್ತಾ ನೋಡುತ್ತಾರೆ. ಎರಡು ಮಳೆಗಳನ್ನು ಮನಸ್ಸು ಬೇರೆ ಬೇರೆಯಾಗಿ ಇಟ್ಟುಕೊಂಡಿದೆ, ಇದು ವಿಭೇದನ.

ಆದರೆ ಆ ಹುಡುಗಿಯ ಮನೆಗೆ ಏನೂ ಆಗಿರಲಿಲ್ಲವಲ್ಲ? ಅವಳ ಪ್ರಶ್ನೆಯ ಕಠಿಣ ಭಾಗ ಇದು. ಇದಕ್ಕೆ ಪಾವ್ಲೊವ್ ಒಬ್ಬರೇ ಸಾಲುವುದಿಲ್ಲ. ಸೂಸನ್ ಮಿನೇಕಾ ಮತ್ತು ಸಂಗಡಿಗರು 1980ರ ದಶಕದಲ್ಲಿ ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ಕೋತಿಗಳನ್ನು ಪರೀಕ್ಷಿಸಿದರು. ಹಾವನ್ನು ಕಂಡರಿಯದ ಆ ಕೋತಿಗಳಿಗೆ ಹಾವಿನ ಹೆದರಿಕೆ ಇರಲಿಲ್ಲ. ಕಾಡಿನಲ್ಲಿ ಬೆಳೆದ ಕೋತಿಗಳು ಹಾವು ಕಂಡು ಹೆದರುವುದನ್ನು ನೋಡಿದ ಮೇಲೆ ಅವೂ ಹೆದರತೊಡಗಿದವು. ಒಂದನ್ನೂ ಹಾವು ಕಚ್ಚಿರಲಿಲ್ಲ. ಕೋತಿ ಹೂವಿಗೆ ಹೆದರುವಂತೆ ತೋರಿಸುವ ವಿಡಿಯೊ ಹಾಕಿದಾಗ ನೋಡಿದ ಕೋತಿಗಳು ಹೂವಿಗೆ ಹೆದರಲು ಕಲಿಯಲಿಲ್ಲ: ಕೆಲವು ಭಯಗಳನ್ನು ಕಲಿಯಲು ಜೀವಿಗಳು ಮೊದಲೇ ಸಿದ್ಧವಾಗಿರುತ್ತವೆ. ಆ ರಾತ್ರಿಗಳಲ್ಲಿ ಹುಡುಗಿ ಗುಡ್ಡವನ್ನು ನೋಡಿರಲಿಲ್ಲ, ಅಪ್ಪ ಅಮ್ಮನ ಮುಖವನ್ನು ನೋಡಿದ್ದಳು. ಫೋನ್ ಬಂದಾಗಲೆಲ್ಲ ಅಮ್ಮನ ದನಿ ಬದಲಾದದ್ದನ್ನು ಕೇಳಿದ್ದಳು. ವೀಕ್ಷಣಾ ಕಲಿಕೆಗೆ ಅಷ್ಟು ಸಾಕು.

‘ಹೆದರಬೇಡ’ ಎಂದರೆ ಕೈ ಕೇಳದಿರುವುದಕ್ಕೆ ಮಿದುಳಿನ ಪಾಠ ಬೇಕು. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಕೋವಿಯಂತೆ: ಕುದುರೆಯನ್ನು ಅರ್ಧ ಒತ್ತಿದರೆ ಅರ್ಧ ಗುಂಡು ಹಾರುವುದಿಲ್ಲ. ಮಿತಿ ದಾಟಿದರೆ ಸಂಕೇತ ಪೂರ್ತಿ ಹೋಗುತ್ತದೆ, ದಾಟದಿದ್ದರೆ ಹೋಗುವುದೇ ಇಲ್ಲ. ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಇರುವ ವ್ಯತ್ಯಾಸ ತಿಳಿಯುವುದು ಎಷ್ಟು ಕೋಶಗಳು, ಎಷ್ಟು ಬೇಗ ಬೇಗ ಹಾರಿಸುತ್ತವೆ ಎಂಬುದರಿಂದ. ಮಿದುಳಿನ ಒಳಬದಿಯಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಇದೆ. ಅಪಾಯದ ಸೂಚನೆಗಳನ್ನು ಹಿಡಿದು ದೇಹವನ್ನು ಸಜ್ಜುಗೊಳಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಅದು ಎಚ್ಚರಿಸಿದರೆ, ತಾನಾಗಿಯೇ ನಡೆಯುವ ಸ್ವಾಯತ್ತ ನರವ್ಯೂಹ ಎದೆಬಡಿತ ಏರಿಸುತ್ತದೆ, ರಕ್ತವನ್ನು ಚರ್ಮದಿಂದ ದೊಡ್ಡ ಸ್ನಾಯುಗಳ ಕಡೆಗೆ ತಿರುಗಿಸುತ್ತದೆ, ಕೈ ತಣ್ಣಗಾಗುತ್ತದೆ. ಯೋಚಿಸುವ ಹಣೆಯ ಭಾಗಕ್ಕೆ ಈ ಕೆಲಸದಲ್ಲಿ ನೇರ ಹಿಡಿತವಿಲ್ಲ. ಆದ್ದರಿಂದ ಬುದ್ಧಿಮಾತಿಗೆ ಬೆರಳು ಬೆಚ್ಚಗಾಗದಿದ್ದರೆ ಅದು ಧೈರ್ಯದ ಕೊರತೆಯಲ್ಲ.

ಹಾಗಾದರೆ ಈ ಹೆದರಿಕೆ ಹೋಗುವುದೇ ಇಲ್ಲವೇ? ಸದ್ದಿನ ನಂತರ ಆಹಾರ ಕೊಡುವುದನ್ನು ನಿಲ್ಲಿಸಿದರೆ ನಾಯಿಯ ಜೊಲ್ಲು ಕ್ರಮೇಣ ನಿಲ್ಲುತ್ತದೆ, ಇದು ವಿಲೋಪನ. ಆದರೆ ಒಂದಷ್ಟು ಕಾಲ ಬಿಟ್ಟು ಮತ್ತೆ ಸದ್ದು ಮಾಡಿದರೆ ಜೊಲ್ಲು ಮತ್ತೆ ಬರುತ್ತದೆ. ಪಾವ್ಲೊವ್ ಇದನ್ನು ಅಂದೇ ಗಮನಿಸಿದ್ದರು. ಹಳೆಯ ಕಲಿಕೆ ಅಳಿಸಿಹೋಗಿರುವುದಿಲ್ಲ, ಅದರ ಮೇಲೆ ‘ಈಗ ಏನೂ ಆಗುವುದಿಲ್ಲ’ ಎಂಬ ಹೊಸ ಕಲಿಕೆ ಕೂತಿರುತ್ತದೆ. ಕೊಡಗಿನ ವರ್ಷಚಕ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕೇಳಿ ಕೇಳಿ ಹೆದರಿಕೆ ಇಳಿಯುತ್ತದೆ. ನಡುವೆ ಹುತ್ತರಿ, ಕಾಫಿ ಕೊಯ್ಲು, ಬೇಸಿಗೆ. ಮತ್ತೆ ಜೂನ್‌ನ ಮೊದಲ ಜೋರು ಮಳೆಗೆ ಕೈ ತಣ್ಣಗಾಗುತ್ತದೆ. ‘ಗುಣವಾಗಿತ್ತು, ಮತ್ತೆ ಹಾಳಾಯಿತು’ ಎಂದು ಜನ ಕುಗ್ಗಿಹೋಗುತ್ತಾರೆ. ಪುಸ್ತಕದಲ್ಲಿ ಇದರ ಹೆಸರು ಸ್ವಯಂ ಪುನರಾಗಮನ. ಇದು ನಿಯಮದಂತೆ ನಡೆಯುವ ಸಂಗತಿ, ಪ್ರತಿ ಸಲವೂ ಇಳಿಸುವುದು ಸಾಮಾನ್ಯವಾಗಿ ಹಿಂದಿನದಕ್ಕಿಂತ ಬೇಗ.

ವಿಲೋಪನವನ್ನು ಅಭ್ಯಾಸಗೊಳ್ಳುವಿಕೆಯ ಜೊತೆ ಬೆರೆಸಬೇಡಿ. ತೋಟಕ್ಕೆ ಬಂದ ಆನೆಗೆ ಪಟಾಕಿ ಹೊಡೆದರೆ ಮೊದಮೊದಲು ಓಡುತ್ತದೆ. ದಿನವೂ ಹೊಡೆದರೆ ಕಿವಿಯಾಡಿಸಿಕೊಂಡು ಹಲಸಿನ ಹಣ್ಣು ತಿನ್ನುತ್ತಲೇ ಇರುತ್ತದೆ. ಇಲ್ಲಿ ಸದ್ದು ಯಾವುದರ ಜೊತೆಗೂ ಜೋಡಿಯಾಗಿರಲಿಲ್ಲ. ಬರಿದೇ ಮತ್ತೆ ಮತ್ತೆ ಕೇಳಿ ಪ್ರತಿಕ್ರಿಯೆ ಕುಗ್ಗಿತು.

ಇನ್ನೊಂದು ಬಗೆಯ ಕಲಿಕೆಯಲ್ಲಿ ಪರಿಣಾಮವೇ ಗುರು. ಥಾರ್ನ್‌ಡೈಕ್ ಅದರ ನಿಯಮ ಹೇಳಿದರು, ಸ್ಕಿನ್ನರ್ ಅದನ್ನು ವಿಸ್ತರಿಸಿದರು. ಮಾಡಿದ ಕೆಲಸದ ಬೆನ್ನಿಗೆ ಬಂದದ್ದು ಆ ಕೆಲಸವನ್ನು ಹೆಚ್ಚಿಸಿದರೆ ಪುನರ್ಬಲನ, ಕಡಿಮೆ ಮಾಡಿದರೆ ಶಿಕ್ಷೆ. ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ‘ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ’ ಎಂಬುದು. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವ ಮೊದಲು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡವರಿಗೆ ಜಿಗಣೆಯ ಕಾಟ ತಪ್ಪಿತು. ಮರುದಿನ ಮರೆಯದೆ ಹಚ್ಚಿಕೊಳ್ಳುತ್ತಾರೆ. ಬೇಡವಾದದ್ದು ತೊಲಗಿತು, ಆದ್ದರಿಂದ ‘ಋಣ’. ಕೆಲಸ ಹೆಚ್ಚಿತು, ಆದ್ದರಿಂದ ‘ಪುನರ್ಬಲನ’. ಶಿಕ್ಷೆಯ ಮಾತೇ ಇಲ್ಲ.

ಪುನರ್ಬಲನ ಯಾವ ಲೆಕ್ಕದಲ್ಲಿ ಸಿಗುತ್ತದೆ ಎಂಬುದೂ ಮುಖ್ಯ. ಕಾಫಿ ಕೊಯ್ಯುವವರಿಗೆ ಕೆ.ಜಿ.ಗೆ ಇಷ್ಟು ಎಂದು ಕೊಟ್ಟರೆ ಅದು ನಿಗದಿತ ಅನುಪಾತ. ಕೈ ಬೇಗ ಬೇಗ ಓಡುತ್ತದೆ. ಕಾವೇರಿಯಲ್ಲಿ ಗಾಳ ಹಾಕಿ ಕೂತವನಿಗೆ ಯಾವ ಎಸೆತಕ್ಕೆ ಮೀನು ಎಂದು ಗೊತ್ತಿಲ್ಲ. ಅದು ಬದಲಾಗುವ ಅನುಪಾತ, ಬಿಟ್ಟು ಏಳಲು ಮನಸ್ಸೇ ಬರುವುದಿಲ್ಲ. ಮೊಬೈಲನ್ನು ಮತ್ತೆ ಮತ್ತೆ ತೆರೆದು ನೋಡುವುದೂ ಇದೇ ಗಾಳ. ವಾರದ ಬಟವಾಡೆಯನ್ನು ನಿಗದಿತ ಅವಧಿಗೆ ಉದಾಹರಣೆಯಾಗಿ ಹಲವರು ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ಆ ಲೆಕ್ಕದಲ್ಲಿ ಅವಧಿ ಮುಗಿದ ಮೇಲೆ ಒಂದೇ ಸಲ ಕೆಲಸ ಮಾಡಿದರೂ ಫಲ ಸಿಗಬೇಕು. ಬಟವಾಡೆಯ ದಿನ ಮಾತ್ರ ತೋಟಕ್ಕೆ ಬಂದವರಿಗೆ ವಾರದ ಹಣ ಯಾರು ಕೊಡುತ್ತಾರೆ?

ಜಿಗಣೆಯ ಪಾಠವನ್ನು ಹೆದರಿಕೆಗೆ ತಂದು ನೋಡಿ. ಮೋಡ ಕಂಡೊಡನೆ ಒಬ್ಬರು ಶಾಲೆಗೆ ಹೋಗದೆ ಮನೆಯಲ್ಲೇ ಉಳಿದರು, ಎದೆ ಹಗುರಾಯಿತು. ಆ ಹಗುರವೇ ಋಣಾತ್ಮಕ ಪುನರ್ಬಲನ. ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳುತ್ತಾರೆ. ಮಳೆಯಲ್ಲಿಯೂ ಏನೂ ಆಗದೆ ದಿನ ಕಳೆಯಬಹುದು ಎಂದು ಕಲಿಯುವ ಅವಕಾಶವೇ ಸಿಗುವುದಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೊಡಗಿನಲ್ಲಿ ಮಳೆಯ ಅಪಾಯ ಕಲ್ಪನೆಯಲ್ಲ. ಮನೆಯ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಬಿರುಕು ಕಂಡಾಗ, ಆಡಳಿತ ಸೂಚನೆ ಕೊಟ್ಟಾಗ ಮನೆ ಬಿಟ್ಟು ಹೋಗುವುದು ವಿವೇಕ. ಅದನ್ನು ‘ಭಯದ ಕಾಯಿಲೆ’ ಎನ್ನುವವರು ಮನಃಶಾಸ್ತ್ರವನ್ನು ಅರ್ಧ ಓದಿದವರು.

ಅಪಾಯವನ್ನು ಗುರುತಿಸುವುದೇ ಒಂದು ಅಧ್ಯಾಯ. ಕಣ್ಣು, ಕಿವಿಗೆ ಬಂದು ಮುಟ್ಟುವುದು ಸಂವೇದನೆ. ಅದಕ್ಕೆ ಅರ್ಥ ಕಟ್ಟುವುದು ಗ್ರಹಿಕೆ. ಮಂಜು ಕವಿದ ಸಂಜೆ ತೋಟದ ರಸ್ತೆಯಲ್ಲಿ ಕಪ್ಪಗೆ ಏನೋ ಕಂಡಿತು. ಕಣ್ಣಿಗೆ ಬಿದ್ದದ್ದು ಮಸುಕು ಆಕಾರ ಅಷ್ಟೇ. ಆನೆ ಓಡಾಡುತ್ತಿದೆ ಎಂಬ ಸಂದೇಶ ಆಗಷ್ಟೇ ಮೊಬೈಲಿಗೆ ಬಂದಿದ್ದರೆ ಬಂಡೆಗೂ ಸೊಂಡಿಲು ಮೂಡುತ್ತದೆ: ಮೊದಲೇ ತಿಳಿದದ್ದು ಮೇಲಿನಿಂದ ಇಳಿದು ಕಂಡದ್ದನ್ನು ತಿದ್ದುತ್ತದೆ. ರೇಡಾರ್ ಪರದೆ ನೋಡುವವರ ಸಮಸ್ಯೆಯಿಂದ ಬೆಳೆದ ಸಂಕೇತ ಪತ್ತೆ ಸಿದ್ಧಾಂತ ಇಲ್ಲಿ ನಾಲ್ಕು ಸಾಧ್ಯತೆಗಳನ್ನು ಗುರುತಿಸುತ್ತದೆ. ಆನೆ ಇತ್ತು, ಕಂಡಿರಿ. ಇತ್ತು, ಕಾಣಲಿಲ್ಲ. ಇರಲಿಲ್ಲ, ಆದರೂ ಆನೆ ಎಂದಿರಿ. ಇರಲಿಲ್ಲ, ಇಲ್ಲವೆಂದಿರಿ. ಎರಡನೆಯ ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣ, ಮೂರನೆಯದಕ್ಕೆ ಸ್ವಲ್ಪ ನಾಚಿಕೆ. ಆದ್ದರಿಂದ ಮಿದುಳು ಸುಳ್ಳು ಎಚ್ಚರಿಕೆಯ ಕಡೆಗೆ ವಾಲುತ್ತದೆ. ಗುಡ್ಡ ಜರಿದ ಊರಿನ ಪಕ್ಕದಲ್ಲಿ ಬೆಳೆದವರ ಕೈ ಪ್ರತಿ ಜೋರು ಮಳೆಗೂ ತಣ್ಣಗಾಗುವುದು ಇದೇ ಲೆಕ್ಕಾಚಾರ.

ಇನ್ನು ನೆನಪು. ಮಾಹಿತಿಯನ್ನು ಒಳಗೆ ತೆಗೆದುಕೊಳ್ಳುವುದು, ಇಟ್ಟುಕೊಳ್ಳುವುದು, ಹೊರಗೆ ತೆಗೆಯುವುದು ಎಂಬ ಮೂರು ಹಂತಗಳನ್ನು ಎಲ್ಲರೂ ಬರೆಯುತ್ತಾರೆ, ಬರೆಯುವಾಗ ನೆನಪನ್ನು ಭತ್ತದ ಕಣಜ ಎಂದುಕೊಂಡಿರುತ್ತಾರೆ. ಹಾಕಿದ್ದು ಹಾಗೆಯೇ ಇರುತ್ತದೆ ಎಂಬ ನಂಬಿಕೆಯೇ ತಪ್ಪು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರಣ ತೋರಿಸಿ, ಕೆಲವರಿಗೆ ‘ಕಾರುಗಳು ತಾಗಿದಾಗ ವೇಗ ಎಷ್ಟಿತ್ತು’ ಎಂದೂ ಇನ್ನು ಕೆಲವರಿಗೆ ‘ಅಪ್ಪಳಿಸಿದಾಗ ಎಷ್ಟಿತ್ತು’ ಎಂದೂ ಕೇಳಿದರು. ‘ಅಪ್ಪಳಿಸಿದಾಗ’ ಎಂಬ ಪದ ಕೇಳಿದವರು ಹೆಚ್ಚು ವೇಗ ಹೇಳಿದರು. ಒಂದು ವಾರ ಬಿಟ್ಟು ‘ಒಡೆದ ಗಾಜು ಕಂಡಿರಾ’ ಎಂದು ಕೇಳಿದಾಗ ಅವರಲ್ಲಿ ನೂರಕ್ಕೆ 32 ಮಂದಿ ಹೌದೆಂದರು. ‘ತಾಗಿದಾಗ’ ಎಂದು ಕೇಳಿಸಿಕೊಂಡವರಲ್ಲಿ ನೂರಕ್ಕೆ 14. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ಭಯದ ದಿನದ ನೆನಪು ಮಾತ್ರ ಕಲ್ಲಿನಲ್ಲಿ ಕೊರೆದಂತೆ ಎಂದು ನಾವೆಲ್ಲ ಭಾವಿಸುತ್ತೇವೆ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ’ ಎಂದು ಬರೆಸಿಟ್ಟುಕೊಂಡರು. ಎರಡೂವರೆ ವರ್ಷಗಳ ಮೇಲೆ ಮತ್ತೆ ಕೇಳಿದಾಗ ಹಲವರ ಉತ್ತರ ಪೂರ್ತಿ ಬೇರೆಯಾಗಿತ್ತು, ಆದರೆ ತಮ್ಮ ನೆನಪಿನ ಮೇಲೆ ಅವರಿಗಿದ್ದ ವಿಶ್ವಾಸ ಕುಗ್ಗಿರಲಿಲ್ಲ. 2018ರ ಆ ರಾತ್ರಿಯ ಬಗ್ಗೆ ಒಂದೇ ಮನೆಯ ಅಣ್ಣ ತಂಗಿ ಬೇರೆ ಬೇರೆ ಕಥೆ ಹೇಳಿದರೆ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿ ಸಲ ಹೇಳುವಾಗಲೂ ನೆನಪು ಹೊಸದಾಗಿ ಕಟ್ಟಿಕೊಳ್ಳುತ್ತದೆ, ಟಿವಿಯಲ್ಲಿ ನೋಡಿದ್ದೂ ಅದರೊಳಗೆ ಸೇರಿಕೊಳ್ಳುತ್ತದೆ.

ನೆನಪುಗಳಲ್ಲಿ ಬಗೆಗಳಿವೆ. ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಇರುವ ಭಾಗವನ್ನು ಎರಡೂ ಬದಿಯಿಂದ ತೆಗೆಸಿಕೊಂಡ ಹೆನ್ರಿ ಮೊಲೈಸನ್ ಅವರಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದನ್ನು ದಿನವೂ ಮಾಡಿಸಿದರೆ ಅವರ ಕೈ ಪಳಗುತ್ತಾ ಹೋಯಿತು. ಹಿಂದೆ ಮಾಡಿದ್ದೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮೊಮ್ಮಕ್ಕಳ ಹೆಸರು ಮರೆತ ಅಜ್ಜಿ ಕಡಂಬುಟ್ಟಿನ ಉಂಡೆಯನ್ನು ಅಚ್ಚುಕಟ್ಟಾಗಿ ಉರುಟುವುದನ್ನು ಕಂಡವರಿಗೆ ಇದು ಆಶ್ಚರ್ಯವಾಗದು. ಸಂಗತಿಯ ನೆನಪು ಒಂದು, ಕೈಯ ನೆನಪು ಇನ್ನೊಂದು.

ಸಾಮಾಜಿಕ ಮನಃಶಾಸ್ತ್ರದಿಂದ ಒಂದೇ ಒಂದನ್ನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ದಿನವೂ ನೋಯಿಸುತ್ತದೆ. ಬೇರೆಯವರ ನಡತೆಗೆ ಅವರ ಸ್ವಭಾವವನ್ನು ಕಾರಣ ಮಾಡಿ, ಅವರ ಸನ್ನಿವೇಶವನ್ನು ಕಾಣದಿರುವುದನ್ನು ಲೀ ರಾಸ್ 1977ರಲ್ಲಿ ಮೂಲಭೂತ ಆರೋಪಣಾ ದೋಷ ಎಂದು ಕರೆದರು. ಕೊಯ್ಲಿನಲ್ಲಿ ಕಡಿಮೆ ಕಾಫಿ ತಂದ ಹೆಂಗಸನ್ನು ‘ಸೋಮಾರಿ’ ಎನ್ನುತ್ತೇವೆ. ಅವಳಿಗೆ ಸಿಕ್ಕ ಸಾಲಿನಲ್ಲಿ ಹಣ್ಣು ಕಡಿಮೆ ಇತ್ತು, ಲೈನ್ ಮನೆಯಲ್ಲಿ ಮಗುವಿಗೆ ಜ್ವರ, ರಾತ್ರಿ ನಿದ್ದೆಯಿಲ್ಲ. ನಮ್ಮದೇ ಕೆಲಸ ಕೆಟ್ಟ ದಿನ ಇಂಥ ಕಾರಣಗಳನ್ನು ಎಣಿಸಲು ನಮಗೆ ಕ್ಷಣವೂ ಬೇಡ. ಮಳೆಗೆ ಹೆದರುವ ಹುಡುಗಿಯನ್ನು ‘ಪುಕ್ಕಲಿ’ ಎನ್ನುವುದೂ ಇದೇ ದೋಷ.

ಹೆದರಿಕೆ ಯಾವಾಗ ಕಾಯಿಲೆ? ಆಘಾತದ ನಂತರ ದುಃಸ್ವಪ್ನ, ಬೇಡವೆಂದರೂ ಕಣ್ಣೆದುರು ಬರುವ ದೃಶ್ಯ, ಸದಾ ಕಟ್ಟೆಚ್ಚರ, ತಪ್ಪಿಸಿಕೊಳ್ಳುವಿಕೆ ಇವು ಒಂದು ತಿಂಗಳಿಗೂ ಮೀರಿ ಉಳಿದು ಓದು, ಕೆಲಸ, ನಿದ್ದೆಯನ್ನು ಕೆಡಿಸಿದರೆ ತಜ್ಞರನ್ನು ಕಾಣಬೇಕು. ಸುರಕ್ಷಿತ ಜಾಗದಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೆದರಿಕೆಯ ಸದ್ದಿಗೆ ಒಡ್ಡುವ ಚಿಕಿತ್ಸೆ ಇದೆ; ವಿಲೋಪನದ ಪಾಠವೇ ಅದರ ಬೇರು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಪರೀಕ್ಷೆಗೆ ಓದುತ್ತಿರುವವರಿಗೆ ನೆನಪಿನ ಅಧ್ಯಾಯದಿಂದಲೇ ಒಂದು ಮಾತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪಿಗೆ ಒಮ್ಮೆ ಓದಿಸಿ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರು ಮುಂದಿದ್ದರು. ಒಂದು ವಾರದ ನಂತರ, ಮುಚ್ಚಿ ಬರೆದವರು. ನಾನು ಆ ಹುಡುಗಿಗೂ ಇದನ್ನೇ ಹೇಳಿದೆ: ಹಾಳೆಯ ನಡುವೆ ‘ಮಳೆ’ ಎಂದು ಬರೆದು, ಪುಸ್ತಕ ನೋಡದೆ, ಓದಿದ ಎಲ್ಲ ಪರಿಕಲ್ಪನೆಗಳನ್ನೂ ಅದರ ಸುತ್ತ ಜೋಡಿಸಿಕೊಂಡು ಬಾ ಎಂದು. ಮರುದಿನ ತಂದಳು. ಅನುಬಂಧಿತ ಪ್ರಚೋದನೆಯ ಜಾಗದಲ್ಲಿ ‘ಶೀಟಿನ ಸದ್ದು’ ಎಂದಿತ್ತು. ಸಹಜ ಪ್ರಚೋದನೆಯ ಜಾಗದಲ್ಲಿ ‘ಗುಡ್ಡ’ ಎಂದು ಬರೆದು, ಹೊಡೆದುಹಾಕಿ, ‘ಅಮ್ಮನ ಮುಖ’ ಎಂದು ತಿದ್ದಿದ್ದಳು.